ಮಂಗನ ಕಾಯಿಲೆ ಮತ್ತು ಕೂಡಿ ದುಡಿಯುವ ವಿದ್ಯೆ

ಕನ್ನಡ ಪಾಠ ಹೇಳುವವನಿಗೆ ಕಾಡುಪ್ರಾಣಿಗಳ ರೋಗದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ವೈದ್ಯನಲ್ಲ, ಪ್ರಾಣಿಶಾಸ್ತ್ರವನ್ನು ಕ್ರಮವಾಗಿ ಓದಿದವನೂ ಅಲ್ಲ. ಆದರೆ ಮಲೆನಾಡಿನ ಅಂಚಿನ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಪಾಠ ಹೇಳುತ್ತಿರುವವನ ಪಾಲಿಗೆ ಈ ವಿಷಯ ತಾನಾಗಿಯೇ ತರಗತಿಯ ಹೊಸ್ತಿಲು ದಾಟಿ ಒಳಕ್ಕೆ ಬರುತ್ತದೆ.

ಪ್ರತಿ ವರ್ಷವೂ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುವುದುಂಟು. ತಮ್ಮ ತಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ, ನಿಘಂಟಿನಲ್ಲಿ ಸುಲಭವಾಗಿ ಸಿಗದ ಮಾತುಗಳನ್ನು ಅರ್ಥಸಹಿತ ಬರೆದು ತರಬೇಕು. ಕೆಲವು ವರ್ಷಗಳ ಹಿಂದೆ ಸಾಗರ ತಾಲ್ಲೂಕಿನ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಮೂರು ವಾರ ತಡವಾಗಿ ತನ್ನ ಪಟ್ಟಿಯನ್ನು ತಂದುಕೊಟ್ಟ. ಕೊಟ್ಟಿಗೆ, ತೋಟ, ಬೆಟ್ಟಗಳಿಗೆ ಸಂಬಂಧಿಸಿದ ಮಾತುಗಳು ಅದರಲ್ಲಿದ್ದವು. 'ದರಕು' ಎಂಬುದರ ಎದುರಿಗೆ 'ಒಣಗಿ ಉದುರಿದ ಎಲೆ; ಕೊಟ್ಟಿಗೆಗೂ ತೋಟಕ್ಕೂ ತರುವುದು' ಎಂದು ಅಚ್ಚುಕಟ್ಟಾಗಿ ಬರೆದಿದ್ದ. ಮುಂದಿನ ಮಾತು 'ಉಣುಗು'. ಅದರ ಎದುರಿಗೆ ಅರ್ಥದ ಬದಲು 'ಅಮ್ಮನಿಗೆ ಜ್ವರ ತಂದದ್ದು' ಎಂದಿತ್ತು.

ಅವನನ್ನು ಕರೆದು ವಿಚಾರಿಸಿದೆ. ತಾಯಿ ದರಕು ಗುಡಿಸಿ ತರಲು ಬೆಟ್ಟಕ್ಕೆ ಹೋಗಿದ್ದರಂತೆ. ವಾರದೊಳಗೆ ಸುಡುವ ಜ್ವರ, ತಲೆ ಸಿಡಿಯುವ ನೋವು, ವಸಡಿನಲ್ಲಿ ರಕ್ತ. ಆಸ್ಪತ್ರೆ ಸೇರಿಸಿದರು, ಬದುಕಿ ಬಂದರು. ಆದರೆ ತಿಂಗಳು ಕಳೆದರೂ ನೀರಿನ ಕೊಡ ಎತ್ತುವ ತ್ರಾಣವಿರಲಿಲ್ಲ. ಇಷ್ಟು ಹೇಳಿ ಹುಡುಗ ನನ್ನನ್ನೇ ಕೇಳಿದ: "ಸಾರ್, ಚುಚ್ಚುಮದ್ದನ್ನು ನಿಲ್ಲಿಸಿಬಿಟ್ಟಿದ್ದಾರೆ. ಕಾಡಿಗೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿ ಹೋಗುತ್ತಾರೆ. ದರಕಿಲ್ಲದೆ ತೋಟ ನಡೆಯುವುದು ಹೇಗೆ?" ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಓದಿದುದರ ಫಲ ಈ ಲೇಖನ.

ಮೊದಲಿಗೆ ಹೆಸರಿನ ವಿಚಾರ. ನಾವು 'ಮಂಗನ ಕಾಯಿಲೆ' ಎನ್ನುತ್ತೇವೆ. ಶಾಸ್ತ್ರಜ್ಞರು 'ಕ್ಯಾಸನೂರು ಕಾಡಿನ ಕಾಯಿಲೆ' ಎನ್ನುತ್ತಾರೆ. ಮಾತಿನ ಮೇಲೆ ಬದುಕುವವನಾದುದರಿಂದ ನನಗೆ ಎರಡನೆಯದೇ ಹೆಚ್ಚು ನ್ಯಾಯವಾಗಿ ತೋರುತ್ತದೆ. ಮಂಗ ಈ ರೋಗದ ಕರ್ತೃವಲ್ಲ. ನಮ್ಮಂತೆಯೇ, ನಮಗಿಂತ ಮೊದಲು, ನಮಗಿಂತ ಹೆಚ್ಚಾಗಿ ಸಾಯುವ ಬಲಿಪಶು. ಮುಸುವವೂ ಕೆಂಪುಮೋರೆಯ ಸಾಮಾನ್ಯ ಮಂಗವೂ ಇದಕ್ಕೆ ತುತ್ತಾಗುತ್ತವೆ. ರೋಗವನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಸಾಗಿಸುವುದು ಕಾಡಿನ ಉಣುಗು. ಮಂಗ ಸತ್ತು ಬಿದ್ದೊಡನೆ ಅದರ ಮೈಮೇಲಿನ ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಣ ನೆಲಕ್ಕೆ ಇಳಿಯುತ್ತವೆ. ಆ ನೆಲದಲ್ಲಿ ನಡೆದಾಡಿದವನಿಗೆ ಅಪಾಯ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ನಮ್ಮ ಮೈ ಆ ವಿಷಾಣುವಿನ ಪಯಣದ ಕೊನೆಯ ನಿಲ್ದಾಣ.

ಕಥೆ ಆರಂಭವಾದುದು 1957ರ ಮಾರ್ಚಿಯಲ್ಲಿ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಮಂಗಗಳು ಸಾಲುಸಾಲಾಗಿ ಸಾಯುತ್ತಿವೆ, ಊರವರಿಗೂ ಜ್ವರ ಬರುತ್ತಿದೆ ಎಂಬ ಸುದ್ದಿ ಪುಣೆಯ ವಿಷಾಣು ಸಂಶೋಧನ ಕೇಂದ್ರವನ್ನು ಮುಟ್ಟಿತು. ಆ ಕೇಂದ್ರ 1952ರಲ್ಲಿ ಸ್ಥಾಪಿತವಾದುದು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ನಡೆಸುತ್ತಿದ್ದುದು. ಸುದ್ದಿ ಕೇಳಿದವರ ಎದೆ ನಡುಗಿರಬೇಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಏಷ್ಯಕ್ಕೆ ಎಂದೂ ಕಾಲಿಡದಿದ್ದ ಆ ಮಾರಿ ಕಡೆಗೂ ಬಂದಿತೇ ಎಂಬುದು ಅಂದಿನ ಭಯ.

ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಕಾಡಿಗೆ ಬಂದರು. ಸತ್ತ ಮಂಗದ ಅಂಗಾಂಶದಿಂದ ವಿಷಾಣುವನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವಿಷಾಣುವಿಗೆ ದಾಯಾದಿ. ಆದರೆ ಅದೇ ಅಲ್ಲ, ಹೊಸದು. ಮೊದಲ ವರ್ಷ ಲೆಕ್ಕಕ್ಕೆ ಸಿಕ್ಕ ರೋಗಿಗಳೇ 466 ಮಂದಿ. ಅಂದಿನಿಂದ ಇಂದಿನವರೆಗೆ ರೋಗ ಮಲೆನಾಡನ್ನು ಬಿಟ್ಟುಹೋಗಿಲ್ಲ. ಸೋಂಕಿದ ನೂರರಲ್ಲಿ ಮೂರರಿಂದ ಐವರನ್ನು ಅದು ಒಯ್ಯುತ್ತದೆ. ವಿಷಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ಕಾಲಕ್ಕೆ ಸರಿಯಾಗಿ ಮಾಡುವ ಶುಶ್ರೂಷೆಯೇ ಚಿಕಿತ್ಸೆ.

ಅಂದಿನ ಸಂಶೋಧನೆಯ ವಿವರಗಳನ್ನು ಓದುವಾಗ ಅಭಿಮಾನ ಮೂಡುತ್ತದೆ. ಸಾಗರದಲ್ಲಿ ಕ್ಷೇತ್ರ ಕೇಂದ್ರವೊಂದನ್ನು ತೆರೆದರು. ವೈದ್ಯರು, ಕೀಟಶಾಸ್ತ್ರಜ್ಞರು, ಇಲಿ ಮೂಗಿಲಿಗಳನ್ನು ಹಿಡಿದು ಪರೀಕ್ಷಿಸುವವರು, ಹಕ್ಕಿಗಳನ್ನು ಗುರುತಿಸುವವರು, ಕಾಡಿನ ದಾರಿ ಬಲ್ಲ ಸ್ಥಳೀಯರು ಎಲ್ಲರೂ ಕೂಡಿ ದುಡಿದರು. ಅಮೆರಿಕದ ಹೆರಾಲ್ಡ್ ಟ್ರಾಪಿಡೊ, ನಮ್ಮವರೇ ಆದ ಪಿ. ಕೆ. ರಾಜಗೋಪಾಲನ್ ಮೊದಲಾದವರು ಉಣುಗಿನ ಜೀವನಚಕ್ರವನ್ನು ಎಳೆ ಎಳೆಯಾಗಿ ಬಿಡಿಸಿದರು. 'ಹೀಮಫೈಸಾಲಿಸ್ ಸ್ಪಿನಿಜೆರ' ಎಂಬ ಜಾತಿಯ ಉಣುಗು ಇದರ ಮುಖ್ಯ ವಾಹಕ. ಮಳೆಗಾಲದಲ್ಲಿ ಬಲಿತ ಉಣುಗು ದನ, ಕಾಟಿಗಳಂತಹ ದೊಡ್ಡ ಮೈಗಳಲ್ಲಿ ರಕ್ತ ಕುಡಿದು ನೆಲಕ್ಕಿಳಿದು ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದ ಮೇಲೆ ಮರಿಗಳು ಹೊರಬರುತ್ತವೆ. ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಅವು ನಡುಹರೆಯಕ್ಕೆ ಬಂದಿರುತ್ತವೆ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಈ ನಡುಹರೆಯದ, ಕಣ್ಣಿಗೆ ಸುಲಭವಾಗಿ ಕಾಣದ ಉಣುಗು. ಜನವರಿಯಿಂದ ಮಾರ್ಚಿಯವರೆಗೆ ಅದರ ಹಾವಳಿ ಜೋರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಜನವರಿಯಿಂದ ಮಾರ್ಚಿಯವರೆಗೆ ಎಂದರೆ ಎಲೆ ಉದುರುವ ಕಾಲ. ನನ್ನ ವಿದ್ಯಾರ್ಥಿಯ ತಾಯಿಯಂಥವರು ದರಕು ಗುಡಿಸಲು, ಸೌದೆ ತರಲು ಬೆಟ್ಟಕ್ಕೆ ಹೋಗುವ ಕಾಲ. ಕೃಷಿಯ ಪಂಚಾಂಗವೂ ಉಣುಗಿನ ಪಂಚಾಂಗವೂ ಒಂದೇ ಪುಟದಲ್ಲಿ ಬಂದು ಸೇರುತ್ತವೆ. 'ಕಾಡಿಗೆ ಹೋಗಬೇಡಿ' ಎಂಬ ಬುದ್ಧಿವಾದ ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕೊಲಂಬಿಯ ದೇಶದ ಹೊರ್ಹೆ ಬೊಷೆಲ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದಿತು. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಜಾಡು ಹಿಡಿದಿದ್ದವರು ಅವರು. ಕಾಡು ಕಡಿದು ಗದ್ದೆ ಮಾಡಿದ್ದು, ಅಂಚಿನಲ್ಲಿ ಲಂಟಾನದ ಪೊದೆ ಬೆಳೆದದ್ದು, ಆ ಪೊದೆಗಳಲ್ಲಿ ದನ ಮೇಯಿಸಿದ್ದು ಇವೆಲ್ಲ ಕೂಡಿ ಉಣುಗಿನ ಸಂತತಿಗೆ ಸುಗ್ಗಿಯಾಯಿತು ಎಂಬುದು ಅವರ ವಾದದ ಸಾರ. ಹಸುವಿಗೆ ಈ ರೋಗ ತಗಲುವುದಿಲ್ಲ. ಆದರೆ ಬಲಿತ ಉಣುಗಿಗೆ ಅನ್ನದಾತೆ ಅದೇ. ಕೆಚ್ಚಲಿಗೆ ಕಚ್ಚಿಕೊಂಡ ಉಣ್ಣೆಗೆ ಹಾಲಿನ ರುಚಿ ತಿಳಿಯದೆಂಬ ಹೋಲಿಕೆ ನಮ್ಮಲ್ಲಿ ಹಳೆಯದು. ನಮ್ಮ ಹಿರಿಯರು ಅವಿವೇಕಕ್ಕೆ ಉಪಮಾನವಾಗಿ ಕಂಡ ಆ ಜೀವಿ ಕಾಡು, ಕೊಟ್ಟಿಗೆ, ಮನುಷ್ಯ ಮೂರನ್ನೂ ಒಂದು ದಾರದಲ್ಲಿ ಪೋಣಿಸಿಬಿಟ್ಟಿತ್ತು.

ಬೊಷೆಲರ ಮಾತು ಬರಿಯ ಊಹೆಯಲ್ಲವೆಂಬುದಕ್ಕೆ ನಾವು ಬಹಳ ಕಾಲ ಕಾಯಬೇಕಾಗಲಿಲ್ಲ. 1982ರ ಕೊನೆಯಿಂದ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ ರೋಗ ಸ್ಫೋಟಿಸಿತು. ಗೇರು ನೆಡುವುದಕ್ಕಾಗಿ ಅಲ್ಲಿ ಕಾಡನ್ನು ಬೋಳು ಕಡಿಯಲಾಗಿತ್ತು. ಸಾವಿರಕ್ಕೂ ಹೆಚ್ಚು ಮಂದಿ ರೋಗಕ್ಕೆ ಸಿಕ್ಕಿದರು. ಹದಿಮೂರು ವರ್ಷ ಮೊದಲು ಅಚ್ಚಾದ ಎಚ್ಚರಿಕೆ ಮರ ಕಡಿಸುವ ಮೇಜಿನವರೆಗೆ ತಲಪಿರಲಿಲ್ಲ. ವೈದ್ಯರ ಪತ್ರಿಕೆಯಲ್ಲಿ ಬಂದುದನ್ನು ಅರಣ್ಯ, ತೋಟಗಳ ವ್ಯವಹಾರ ನೋಡುವವರು ಓದಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಕೂಡಿ ಮಾಡುವ ಸಂಶೋಧನೆಯ ಇತಿಹಾಸದಲ್ಲಿ ಕಹಿಯಾದ ಪುಟವೂ ಒಂದಿದೆ. ರಷ್ಯದ ವಿಷಾಣುವಿನ ದಾಯಾದಿ ಮಲೆನಾಡಿಗೆ ಹೇಗೆ ಬಂದಿತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನೊಡನೆ ಬಂದಿರಬಹುದೇ? ಈ ಪ್ರಶ್ನೆಯ ಬೆನ್ನು ಹತ್ತಿ ಸಲೀಂ ಅಲಿಯವರ ಮುಂದಾಳುತನದಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ಕೈಗೊಂಡಿತು. ಹಕ್ಕಿಗಳೇ ರೋಗ ತಂದವೆಂಬುದು ಸ್ಥಾಪಿತವಾಗಲಿಲ್ಲ. ಆದರೆ ಅವುಗಳ ಪಯಣದ ಬಗೆಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಅಲ್ಲಿಂದ ಬಂದುದು. ಮುಂದೆ ಈ ಕೆಲಸಕ್ಕೆ ಅಮೆರಿಕದ ಸೇನೆಯ ಸಂಶೋಧನಾ ವಿಭಾಗದ ಹಣವೂ ಸೇರಿತು. ಜೈವಿಕ ಯುದ್ಧದ ಸಿದ್ಧತೆಗೆ ನಮ್ಮ ಹಕ್ಕಿಗಳನ್ನು ಬಳಸಿಕೊಳ್ಳುತ್ತಿದ್ದಾರೆಯೇ ಎಂಬ ಸಂದೇಹ ಪತ್ರಿಕೆಗಳಲ್ಲಿ ಹೊಗೆಯಾಡಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿದೇಶೀ ಸಹಭಾಗಿತ್ವದ ಇಂತಹ ಯೋಜನೆಗಳನ್ನು ಕಟುವಾಗಿ ಪ್ರಶ್ನಿಸಿತು.

ದುರುದ್ದೇಶ ಸಾಬೀತಾಯಿತೆಂದು ನಾನು ಹೇಳುತ್ತಿಲ್ಲ. ಸಲೀಂ ಅಲಿಯವರ ಪ್ರಾಮಾಣಿಕತೆಯನ್ನು ಶಂಕಿಸುವ ಉದ್ಧಟತನವೂ ನನಗಿಲ್ಲ. ಆದರೆ ಸಮಿತಿ ಕೇಳಿದ ಪ್ರಶ್ನೆಯನ್ನು ಹುಚ್ಚೆಂದು ತಳ್ಳಿಹಾಕುವಂತೆಯೂ ಇಲ್ಲ. ರಕ್ತ ನಮ್ಮದು, ಕಾಡು ನಮ್ಮದು. ಅದರಿಂದ ಹುಟ್ಟಿದ ಅರಿವು ಯಾರದು? ಅದು ಮೊದಲು ಯಾರ ಕೈ ಸೇರುತ್ತದೆ? ಯಾರ ಭಾಷೆಯಲ್ಲಿ ಇರುತ್ತದೆ? ಗುಟ್ಟು ಇದ್ದಲ್ಲಿ ಸಂದೇಹ ಹುಟ್ಟುತ್ತದೆ. ಸಂದೇಹ ಹುಟ್ಟಿದ ಮೇಲೆ ಒಳ್ಳೆಯ ಕೆಲಸವೂ ಕೆಡುತ್ತದೆ. ಸಹಕಾರಕ್ಕೆ ಬೇಕಾದ ಮೊದಲ ಬಂಡವಾಳ ಬಯಲಿನಲ್ಲಿ ಇಡುವ ಲೆಕ್ಕ.

ಚುಚ್ಚುಮದ್ದಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಮೊದಮೊದಲು ರಷ್ಯದ ರೋಗಕ್ಕೆಂದು ಸಿದ್ಧವಾಗಿದ್ದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಫಲಿಸಲಿಲ್ಲ. ಆಮೇಲೆ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸಿ, ನಿರ್ಜೀವಗೊಳಿಸಿ ತಯಾರಿಸಿದ ಲಸಿಕೆ ಬಂದಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಅದನ್ನು ತಯಾರಿಸಿ 1990ರಿಂದ ಜನರಿಗೆ ಹಾಕತೊಡಗಿದರು. ತಿಂಗಳ ಅಂತರದಲ್ಲಿ ಎರಡು ಸಲ, ಆರೆಂಟು ತಿಂಗಳಾದ ಮೇಲೆ ಮತ್ತೊಮ್ಮೆ, ಆನಂತರ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕು. 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೀಲಿಸಿದವರು ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 62ರಷ್ಟು, ಮೂರನೆಯದನ್ನೂ ಹಾಕಿಸಿಕೊಂಡವರಲ್ಲಿ 83ರಷ್ಟು ರಕ್ಷಣೆಯನ್ನು ಕಂಡರು. ಚುಚ್ಚಿದೆಡೆ ಬಹಳ ನೋಯುತ್ತಿತ್ತಾದುದರಿಂದ ಒಮ್ಮೆ ಹಾಕಿಸಿಕೊಂಡವರು ಮತ್ತೊಮ್ಮೆ ಬರಲು ಹಿಂಜರಿಯುತ್ತಿದ್ದರು. ಕಡೆಗೆ ಲಸಿಕೆಯ ಸತ್ತ್ವವೇ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಸತ್ತ್ವವಿಲ್ಲದುದನ್ನು ನಿಲ್ಲಿಸಿದುದು ಸರಿ. ಆದರೆ ಹಳೆಯದು ಸಣ್ಣಗಾಗುತ್ತಿರುವಾಗಲೇ ಹೊಸದು ಕೈಗೆ ಸಿದ್ಧವಾಗಿರಬೇಕಾಗಿತ್ತು. ವೈದ್ಯಕೀಯ ಸಂಶೋಧನ ಮಂಡಳಿಯೂ ಹೈದರಾಬಾದಿನ ಲಸಿಕೆ ತಯಾರಕರೂ ಕೂಡಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿರುವುದು ಸಮಾಧಾನದ ಸಂಗತಿ. ಲಸಿಕೆ ಒಂದು ದಿನದ ಬೆಳೆಯಲ್ಲ. ಬಡವರ ರೋಗಕ್ಕೆ, ಕೆಲವೇ ಜಿಲ್ಲೆಗಳ ರೋಗಕ್ಕೆ ಲಾಭ ನೋಡಿ ಔಷಧ ಮಾಡುವವರು ತಾವಾಗಿ ಮುಂದೆ ಬರುವುದಿಲ್ಲ. ಸರ್ಕಾರದ ಹಣವೂ ಸಂಶೋಧಕರ ಶ್ರಮವೂ ಕಾರ್ಖಾನೆಯ ಕೌಶಲವೂ ಸೇರದೆ ಅಲ್ಲಿ ಗತಿಯಿಲ್ಲ.

ಇಷ್ಟರಲ್ಲಿ ರೋಗ ಮಾತ್ರ ಸುಮ್ಮನೆ ಕುಳಿತಿಲ್ಲ. 2012ರ ಹೊತ್ತಿಗೆ ಅದು ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಮೊದಲು ಮಲಗಿದವರು ಸತ್ತ ಮಂಗಗಳನ್ನು ಎತ್ತಿ ಸುಟ್ಟ ಕಾಡಿನ ಕಾವಲುಗಾರರು. ಬಳಿಕ ಕೇರಳದ ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಎದ್ದಾಗ ಒಂದೇ ಪಂಚಾಯತಿಯ ಮನೆ ಮನೆಗಳಲ್ಲಿ ಸೂತಕವಾಯಿತು. ರೋಗ ಹೊಸದಲ್ಲ, ವಾಹಕ ಗೊತ್ತು, ಕಾಲವೂ ಗೊತ್ತು. ಆದರೂ ಜನ ಸತ್ತರು.

ಏಕೆ? ನನಗೆ ತೋರುವ ಮುಖ್ಯ ಕಾರಣ ಇದು. ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದುದು. ಉಣುಗು ಕಚ್ಚಿದ ದನ ಪಶುವೈದ್ಯ ಇಲಾಖೆಗೆ ಸೇರಿದುದು. ಜ್ವರ ಬಂದ ಮನುಷ್ಯ ಆರೋಗ್ಯ ಇಲಾಖೆಗೆ ಸೇರಿದವನು. ಈ ಮೂವರ ನಡುವೆ ಓಡಾಡುವ ಉಣುಗು ಯಾವ ಇಲಾಖೆಗೂ ಸೇರಿದುದಲ್ಲ. ಯಾರನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ಆಯಾ ಇಲಾಖೆಯ ಕೆಳಹಂತದ ನೌಕರರು ತಮ್ಮ ಜೀವವನ್ನೇ ಒಡ್ಡಿ ದುಡಿದಿರುವುದನ್ನು ಬಂಡೀಪುರ ಹೇಳುತ್ತದೆ. ಮಂಗ ಸತ್ತ ಜಾಗಕ್ಕೆ ಕೀಟನಾಶಕ ಎರಚುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಹಂಚುತ್ತಾರೆ. ಕೆಲಸ ಇಲ್ಲವೆಂದಲ್ಲ, ಮಂಗ ಸತ್ತ ಸುದ್ದಿ ಮನುಷ್ಯನ ವೈದ್ಯನಿಗೆ ಅದೇ ದಿನ ತಲಪುವ ದಾರಿ ಎಲ್ಲ ಕಡೆ ಗಟ್ಟಿಯಾಗಿಲ್ಲ.

ಈ ಕೊರತೆಯನ್ನು ಕಂಡೇ ಈಚಿನ ಸಂಶೋಧನೆ ಬೇರೆ ಬಗೆಯಲ್ಲಿ ಸಾಗುತ್ತಿದೆ. 2018ರ ಸುಮಾರಿಗೆ ಬ್ರಿಟನ್ನಿನ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಸಂಸ್ಥೆ, ಯಲಹಂಕದ ಪಶುರೋಗ ಸಂಶೋಧನ ಸಂಸ್ಥೆಯಾದ ನಿವೇದಿ, ವೈದ್ಯಕೀಯ ಸಂಶೋಧನ ಮಂಡಳಿ ಮತ್ತು ರಾಜ್ಯದ ಆರೋಗ್ಯ ಇಲಾಖೆಯವರು ಕೂಡಿ ಅಧ್ಯಯನವೊಂದನ್ನು ಕೈಗೊಂಡರು. ರೋಗ ಎಲ್ಲಿ ಏಳಬಹುದೆಂಬುದರ ನಕ್ಷೆ ಬರೆಯುವುದು ಅದರ ಒಂದು ಗುರಿ. 2020ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ನಿತ್ಯಹಸುರಿನ ಕಾಡೂ ತೋಟಗದ್ದೆಗಳೂ ಒಂದರೊಳಗೊಂದು ಹೆಣೆದುಕೊಂಡ, ನಾಡದನಗಳು ಹೆಚ್ಚಾಗಿರುವ ಕಡೆಗಳಲ್ಲಿ ಅಪಾಯ ಅಧಿಕ. ಐವತ್ತು ವರ್ಷ ಹಿಂದೆ ಬೊಷೆಲ್ ಕಾಲ್ನಡಿಗೆಯಲ್ಲಿ ಕಂಡುದಕ್ಕೆ ಇದು ಲೆಕ್ಕದ ಬೆಂಬಲ. ನನಗೆ ಇದಕ್ಕಿಂತ ಹೆಚ್ಚು ಮೆಚ್ಚಿಕೆಯಾದುದು ಅವರ ವಿಧಾನ. ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಪ್ರಯೋಗಶಾಲೆಯಲ್ಲಿ ಕುಳಿತು ತೀರ್ಮಾನಿಸದೆ ಅರಣ್ಯ, ಪಶು, ಆರೋಗ್ಯ ಮೂರೂ ಇಲಾಖೆಯವರನ್ನು ಒಂದೆಡೆ ಕೂಡಿಸಿ ಕೇಳಿದರು. ಹಳ್ಳಿಗಳಿಗೆ ಹೋಗಿ ಕಾಡನ್ನು ನಂಬಿದವರ ಮಾತನ್ನೂ ಕೇಳಿದರು. ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯ ಒಂದೇ ಎಂಬ ಈ ತತ್ತ್ವಕ್ಕೆ 'ಏಕ ಆರೋಗ್ಯ' ಎಂಬ ಹೆಸರು ಇಂದು ಬಳಕೆಗೆ ಬಂದಿದೆ. ಕೇಂದ್ರ ಸರ್ಕಾರವೂ ಆ ಹೆಸರಿನ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದೆ.

ಹೆಸರು ಚೆನ್ನಾಗಿದೆ. ಆದರೆ ದೆಹಲಿಯಲ್ಲಿ ಏಕವಾದುದು ಹಳ್ಳಿಯಲ್ಲಿ ಮತ್ತೆ ಮೂರಾಗದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸ. 1957ರ ಸಹಕಾರ ವಿಜ್ಞಾನಿ ವಿಜ್ಞಾನಿಗಳ ನಡುವಿನದು. ಅದು ರೋಗವನ್ನು ಬೆಳಕಿಗೆ ತಂದಿತು. ಇಂದಿನದು ಇಲಾಖೆ ಇಲಾಖೆಗಳ ನಡುವಿನದು. ಅದು ಅಪಾಯದ ನಕ್ಷೆ ಬರೆದಿದೆ. ಇನ್ನೂ ಆಗಬೇಕಾದುದು ಬಲ್ಲವನಿಗೂ ಬೆಟ್ಟಕ್ಕೆ ಹೋಗುವವಳಿಗೂ ನಡುವಿನ ಸಹಕಾರ. ಆ ನಕ್ಷೆ, ಆ ಪ್ರಬಂಧ ಇಂಗ್ಲಿಷಿನಲ್ಲಿವೆ. ದರಕು ಗುಡಿಸುವವರು ಮಾತಾಡುವುದು ಕನ್ನಡ. ಈ ಅಂತರವನ್ನು ತುಂಬುವುದು ವೈದ್ಯರೊಬ್ಬರ ಹೊಣೆಯಲ್ಲ. ಕನ್ನಡ ಪಾಠ ಹೇಳುವ ನನ್ನಂಥವರದೂ ಹೌದು. ಸಂಶೋಧಕರ ಮಾತನ್ನು ತಿಳಿಗನ್ನಡಕ್ಕೆ ತರಲು ಒಂದೊಂದು ತಾಲ್ಲೂಕಿನ ಅಧ್ಯಾಪಕರು ನಾಲ್ಕು ಭಾನುವಾರ ಕೊಟ್ಟರೆ ಸಾಕು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಈಗಲೂ ಪೂರ್ತಿ ಉತ್ತರ ನನ್ನಲ್ಲಿಲ್ಲ. ಉತ್ತರದ ಒಂದು ಭಾಗವನ್ನು ಮಾತ್ರ ಹೇಳಬಲ್ಲೆ. ಹೋಗಬೇಡಿ ಎನ್ನುವ ಬದಲು ಹೋಗುವವರು ಹೇಗೆ ಹೋಗಬೇಕೆಂದು ಹೇಳಬೇಕು: ಮೈತುಂಬ ಬಟ್ಟೆ, ಕೈಕಾಲಿಗೆ ಎಣ್ಣೆ, ಹಿಂತಿರುಗಿದೊಡನೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆಯನ್ನು ಒಳಗೆ ತಾರದೆ ಒಗೆಯುವುದು, ಜ್ವರ ಕಂಡ ದಿನವೇ ಆಸ್ಪತ್ರೆ. ಸತ್ತ ಮಂಗವನ್ನು ಮುಟ್ಟದೆ ಅಂದೇ ತಿಳಿಸುವುದು. ಆದೀತಾದರೆ ಆ ಎರಡು ಮೂರು ತಿಂಗಳಿಗೆ ಬೇಕಾಗುವ ದರಕಿಗೆ, ಸೌದೆಗೆ ಪಂಚಾಯತಿ ಬೇರೆ ವ್ಯವಸ್ಥೆ ಮಾಡುವುದು. ಇದಕ್ಕೆಲ್ಲ ಕಾಲ ಮಾರ್ಚಿಯಲ್ಲ. ದೀಪಾವಳಿ ಕಳೆದು ಎಲೆ ಉದುರುವ ಮೊದಲು, ಫಾರೆಸ್ಟ್ ಗಾರ್ಡ್, ಪಶುವೈದ್ಯ, ಆಶಾ ಕಾರ್ಯಕರ್ತೆ ಈ ಮೂವರೂ ಒಂದೇ ದಿನ ಒಂದೇ ಜಗಲಿಯ ಮೇಲೆ ಊರವರೊಡನೆ ಕುಳಿತು ಮಾತಾಡಬೇಕು.

ಆ ಹುಡುಗನ ಪಟ್ಟಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. 'ಉಣುಗು' ಎಂಬುದರ ಎದುರಿಗೆ ಸರಿಯಾದ ಅರ್ಥವನ್ನು ಬರೆಸಿದೆನಾದರೂ ಅವನು ಮೊದಲು ಬರೆದುದನ್ನು ಹೊಡೆದುಹಾಕಲು ಹೇಳಲಿಲ್ಲ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಎರಡನ್ನೂ ಓದಿಹೇಳುತ್ತೇನೆ.